ಅಂಕುಡೊಂಕಿನ ಅಂಚು

ಜಯನಗರದವರಿಗೆ ನೇರ ಗೆರೆಯ ಮೇಲೆ ವಿಪರೀತ ಭಕ್ತಿ. ಮೇನು, ಕ್ರಾಸು, 30×40ರ ಸೈಟು. ಪಕ್ಕದವರ ಕಾಂಪೌಂಡು ಅರ್ಧ ಅಡಿ ಈಚೆ ಬಂದರೆ ಕೋರ್ಟು ಹತ್ತುವ ಜನ ನಾವು. ಇಂಥ ಬಡಾವಣೆಯಲ್ಲಿ ಈಗ ಅಂಚು ಸೊಟ್ಟಗಿರುವ ಊಟದ ಮೇಜಿಗೇ ರೇಟು ಜಾಸ್ತಿ! ದಿಮ್ಮಿಯನ್ನು ಉದ್ದಕ್ಕೆ ಸೀಳಿ, ಪಕ್ಕ ಕುಯ್ಯದೆ, ಮರ ಬೆಳೆದ ಹಾಗೇ ಬಿಟ್ಟ ಹಲಗೆ. ನನ್ನ ಹೆಂಡತಿ ತರಿಸಿದ್ದು ಮಳೆಮರದ್ದು.

ಮಳೆಮರದ ತವರು ಅಮೆರಿಕ ಖಂಡದ ಸೆಕೆನಾಡು. ನಮ್ಮ ರಸ್ತೆಗಳಿಗೆ ಕೊಡೆ ಹಿಡಿದು ನಿಂತಿದೆ. 1976ರ ಮರ ಸಂರಕ್ಷಣಾ ಕಾಯ್ದೆ ಇರುವುದರಿಂದ ಅನುಮತಿಯಿಲ್ಲದೆ ಅದಕ್ಕೆ ಕೊಡಲಿ ಹಾಕುವಂತಿಲ್ಲ. ಮೇ ತಿಂಗಳ ಗಾಳಿಮಳೆಗೆ ಕೊಂಬೆ ಕಾರಿನ ಮೇಲೆ ಬಿತ್ತೋ, ಇಡೀ ಬೀದಿ ಅದರ ವಂಶವನ್ನೆಲ್ಲ ಬೈಯುತ್ತದೆ. ಅದೇ ಮರ ಎರಡಿಂಚಿನ ಹಲಗೆಯಾಗಿ ಹಾಲ್‌ಗೆ ಬಂದರೆ, ಬೈದವರೇ ಸವರಿ ನೋಡುತ್ತಾರೆ.

ಹಲಗೆ ನೋಡಿದ ಆಚಾರರು, "ಸಾರ್, ನೂಲು ಹಿಡಿದು ಎರಡೂ ಕಡೆ ಕುಯ್ದುಬಿಡ್ಲಾ?" ಅಂದರು.

"ಬೇಡ ಆಚಾರ್ರೇ, ಸೊಟ್ಟ ಹಾಗೇ ಇರಲಿ."

"ಸೊಟ್ಟ ಮಾಡಿದ್ದಕ್ಕೆ ಬೈಸಿಕೊಂಡಿದ್ದೀನಿ. ಸೊಟ್ಟ ಬೇಕು ಅಂದವರು ನೀವೇ ಮೊದಲು."

ನಮ್ಮ ಅತ್ತೆಯವರದು ಬೇರೆ ಅನುಮಾನ: "ಸೌದೆ ಡಿಪೋದವರು ಸೀಳೋದು ಮರೆತು ಕಳಿಸಿಬಿಟ್ಟರಾ?"

ಮರವನ್ನು ಇದ್ದ ಹಾಗೆ ಇಡುವುದಕ್ಕೆ ಎಷ್ಟು ಕೆಲಸ ಅನ್ನುವುದು ಆಮೇಲೆ ಗೊತ್ತಾಯಿತು. ಮೊದಲು ತೊಗಟೆ. ಇದ್ದರೆ ಕಾಡಿನ ಸೊಗಸು ಅನ್ನುವವರಿದ್ದಾರೆ. ಅವರ ಮೊಸರನ್ನಕ್ಕೇ ಅದು ಉದುರಲಿ. ಮರ ಒಣಗಿ ಕುಗ್ಗುತ್ತ ಹೋದಂತೆ ತೊಗಟೆ ಹೇಗೂ ಬಿಟ್ಟುಕೊಳ್ಳುತ್ತದೆ, ಅದರ ಸಂದಿಯಲ್ಲಿ ಹುಳು ಸಂಸಾರ ಹೂಡುತ್ತದೆ. ತೊಗಟೆಯ ಕೆಳಗಿನ ಬಿಳಿ ಭಾಗದಲ್ಲಿ ಪಿಷ್ಟ ಇರುವುದರಿಂದ ಕುಟ್ಟೆ ಹುಳುವಿಗೆ ಅದೇ ಮೃಷ್ಟಾನ್ನ. ಒಳಗಿನ ಕಂದು ಚೇಗಿನ ತಂಟೆಗೆ ಅದು ಅಷ್ಟಾಗಿ ಬರುವುದಿಲ್ಲ. ಈ ಬಿಳಿಪಟ್ಟಿಯೇ ಮೇಜಿನ ಅಂದ, ಅದಕ್ಕೆ ಗಾಯವಾಗಬಾರದು. ಆದ್ದರಿಂದ ಮೊಂಡು ಉಳಿ ಬೇಕೆಂದೆ. ಆಚಾರರ ಮುಖ ಕೆಂಪಾಯಿತು. ಅವರ ಚೀಲದಲ್ಲಿ ಮೊಂಡು ಉಳಿ ಹುಡುಕುವುದೆಂದರೆ ಸಂಗೀತ ವಿದ್ವಾಂಸರನ್ನು ಒಂದು ಅಪಸ್ವರ ಹಾಡಿ ಎಂದ ಹಾಗೆ. ಕೊನೆಗೆ, "ಗೋಡೆ ಕೆತ್ತೋಕೆ ಅಂತ ಒಂದು ಇಟ್ಕೊಂಡಿದ್ದೀನಿ" ಎಂದು ತೆಗೆದರು.

ತೊಗಟೆ ಚಪ್ಪಡಿ ಚಪ್ಪಡಿಯಾಗಿ ಎದ್ದು ಬಂತು. ನಾರಿನಂಥ ಒಳಪದರಕ್ಕೆ ಹಿತ್ತಾಳೆ ತಂತಿಯ ಬ್ರಶ್ಶು. ಉಕ್ಕಿನದಾದರೆ ಮೆತ್ತನೆ ಮರವನ್ನೇ ಕೆರೆದುಬಿಡುತ್ತದೆ. ಆಮೇಲೆ ಉಪ್ಪುಕಾಗದ: 80, 120, 220. ಮಿಶಿನ್ನು ಉಬ್ಬುತಗ್ಗನ್ನೆಲ್ಲ ಸಮ ಮಾಡಿಬಿಡುತ್ತದೆಂದು ಕೈಯಲ್ಲೇ ತಿಕ್ಕಿದ್ದು. ಮೇಲಿನ ಚೂಪು ಏಣನ್ನೂ ಸವೆಸಿದೆವು, ಮೊಣಕೈ ಊರುವ ಜಾಗ ಅದು. ಧೂಳು ಮಾತ್ರ ಒಗ್ಗರಣೆ ಡಬ್ಬಿಯವರೆಗೂ ಹೋಗಿತ್ತು.

ಜಿಟಿಜಿಟಿ ಮಳೆಯಲ್ಲಿ ಅರಗಿನ ಪಾಲಿಶ್ ತೇವ ಹಿಡಿದು ಬಿಳಿಚಿಕೊಳ್ಳುತ್ತದೆ. ಹಾಗಾಗಿ ಅಗಸೆ ಎಣ್ಣೆ, ತೆಳ್ಳಗೆ, ಒಂದು ಕೈ ಒಣಗಿದ ಮೇಲೆ ಇನ್ನೊಂದು. ಒರೆಸಿದ ಬಟ್ಟೆಗಳನ್ನು ಬಾಲ್ಕನಿಯ ತಂತಿಯ ಮೇಲೆ ಬಿಡಿಸಿ ಹಾಕಿದೆ.

"ಈ ಚಿಂದಿಗೆ ಇಷ್ಟು ಉಪಚಾರವೇ?" ಅಂದರು ಅತ್ತೆ.

"ಮುದುರಿ ಮೂಲೆಗೆ ಹಾಕಿದರೆ ಒಳಗೊಳಗೇ ಬಿಸಿಯಾಗಿ ತಾನಾಗಿ ಬೆಂಕಿ ಹತ್ತಿಕೊಳ್ಳುತ್ತೆ ಅತ್ತೆ."

"ನಿಮ್ಮ ಮಾವನವರೂ ಹಾಗೇ ಇದ್ದರು."

ಮೇಜಿನ ಒಂದು ಪಕ್ಕದಲ್ಲಿ ಅಂಚು ದೊಡ್ಡದಾಗಿ ಒಳಕ್ಕೆ ಬಾಗಿದೆ. ಅಲ್ಲಿ ಕೂತರೆ ನನ್ನ ಹೊಟ್ಟೆ ಅದರೊಳಗೆ ಸರಿಯಾಗಿ ಹೊಂದಿಕೊಂಡು, ಸಾರಿನ ಪಾತ್ರೆ ಕೈಗೆಟಕುತ್ತದೆ. ಕಳೆದ ಭಾನುವಾರ ಊಟಕ್ಕೆ ಬಂದ ಷಡ್ಡಕರು ಕೈ ತೊಳೆಯಲೂ ಹೋಗದೆ ಅಲ್ಲೇ ಕೂತುಬಿಟ್ಟರು. ಅವರದು ನನಗಿಂತ ದೊಡ್ಡ ಹೊಟ್ಟೆ. ಆಚಾರರಿಗೆ ಫೋನು ಮಾಡಿದ್ದೇನೆ, ಎದುರು ಪಕ್ಕದಲ್ಲೂ ಒಂದು ಬಾಗು ಕೆತ್ತೋಕೆ ಆಗುತ್ತಾ ಅಂತ. ಮೊಂಡು ಉಳಿಯಲ್ಲಿ ಆಗಲ್ಲ ಸಾರ್ ಅಂದಿದ್ದಾರೆ.