ಯೆಜ್ಡಿ ಇಂಜಿನ್ ಬಿಚ್ಚಿದ ಮೇಲೆ

ಇಂಜಿನ್ ಬಿಚ್ಚುವವರೆಗೆ ಯೆಜ್ಡಿ ಬೈಕಿನ ಯಜಮಾನರೆಲ್ಲ ಮಹಾ ವ್ರತನಿಷ್ಠರು. "ಹಾಕಿದರೆ ಹೊಸದೇ, ಅದೂ ಒರಿಜಿನಲ್ಲೇ" ಎಂದು ಮೀಸೆ ತಿರುವುತ್ತಾರೆ. ಮೆಕ್ಯಾನಿಕ್ಕು ಬ್ಲಾಕು, ಹೆಡ್ಡು, ಕ್ರ್ಯಾಂಕನ್ನೆಲ್ಲ ಬಿಚ್ಚಿ ಹರವಿ, ಸಿಗರೇಟು ಪ್ಯಾಕಿನ ಹಿಂದೆ ಪಾರ್ಟ್ಸ್ ಪಟ್ಟಿ ಬರೆದುಕೊಟ್ಟನೋ, ವ್ರತ ಕೆಟ್ಟಿತು. ದನಿ ತಗ್ಗಿಸಿ ಕೇಳುತ್ತಾರೆ: "ಅಲ್ಲಪ್ಪಾ, ಸೆಕೆಂಡ್ಸಲ್ಲಿ ಏನಾದ್ರೂ ಸಿಗುತ್ತಾ?"

ಪಾಪ, ಅವರ ವ್ರತವೇ ನಡೆಯುವಂಥದ್ದಲ್ಲ. ಯೆಜ್ಡಿ ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಹಾಕಿದ್ದು 1996ರಲ್ಲಿ. ಅಲ್ಲಿಯ 'ಹೊಸ ಒರಿಜಿನಲ್' ಎಂದು ಯಾರಾದರೂ ನಿಮ್ಮ ಕೈಗೆ ಡಬ್ಬಿ ಇಟ್ಟರೆ, ಆ ಹೊಸದಕ್ಕೆ ಕಾಲೇಜು ಮುಗಿಸಿ ಕೆಲಸಕ್ಕೆ ಸೇರುವ ವಯಸ್ಸಾಗಿರುತ್ತದೆ! ಇತ್ತೀಚೆಗೆ ತಯಾರಾದ ಥಳಥಳ ಪಾರ್ಟು ಬೇಕೆಂದರೆ ಅದು ಬೇರೆಯವರು ಮಾಡಿದ್ದು. ಹೊಸದಾದರೆ ಒರಿಜಿನಲ್ ಅಲ್ಲ, ಒರಿಜಿನಲ್ ಆದರೆ ಹೊಸದಲ್ಲ. 2022ರಲ್ಲಿ ಯೆಜ್ಡಿ ಮತ್ತೆ ಬಂತಲ್ಲ ಅಂತೀರಾ? ಅದು ಫೋರ್ ಸ್ಟ್ರೋಕು. ಹೆಸರು ಒಂದೇ ಇರಬಹುದು, ಅದರ ಪಿಸ್ಟನ್ನು ನಿಮ್ಮ ಟೂ ಸ್ಟ್ರೋಕಿನೊಳಗೆ ಕೂರುವುದಿಲ್ಲ.

ಬೆಂಗಳೂರಿನಲ್ಲಿ ಇದಕ್ಕೆ ಎರಡು ಮತಗಳಿವೆ. ಜೆ.ಸಿ. ರಸ್ತೆಯ ಅಂಗಡಿಯವರದು ಹೊಸಮತ: "ಫುಲ್ ಸೆಟ್ ಹಾಕ್ಬಿಡಿ ಸಾರ್, ಟೆನ್ಷನ್ನೇ ಇರಲ್ಲ." ಶಿವಾಜಿನಗರದ ಗುಜರಿಯವರದು ಹಳೆಮತ. ಎಣ್ಣೆ ಮೆತ್ತಿದ ತುಂಡೊಂದನ್ನು ಬನಿಯನ್ ಬಟ್ಟೆಯಲ್ಲಿ ಒರೆಸಿ, "ಇಂಥ ಮಾಲು ಈಗೆಲ್ಲಿ ಬರ್ತದೆ ಸಾರ್, ಕೈಯಲ್ಲಿ ತೂಗಿ ನೋಡಿ" ಎನ್ನುತ್ತಾರೆ. ಇಬ್ಬರ ಮಾತಿಗೂ ತಲೆಯಾಡಿಸಿ ಮನೆಗೆ ಬಂದರೆ ಮನೆಯಾಕೆಯದು ಮೂರನೆಯ ಮತ: "ಮಾರಿಬಿಡ್ರೀ ಅತ್ಲಾಗೆ."

ಮೂರನೆಯದನ್ನು ಕಿವಿಗೆ ಹಾಕಿಕೊಳ್ಳದಿದ್ದರೆ ಲೆಕ್ಕ ಸುಲಭ. ಉಜ್ಜುವುದು, ಉರುಳುವುದು, ಸೋರದಂತೆ ತಡೆಯುವುದು ಹೊಸದಾಗಿರಲಿ. ಸುಮ್ಮನೆ ಕೂತು ಹಿಡಿದುಕೊಂಡಿರುವುದು ಹಳೆಯದಾದರೂ ಸೈ.

ಪಿಸ್ಟನ್ ರಿಂಗನ್ನೇ ನೋಡಿ. ರಿಂಗೂ ಬೋರೂ ಹಳೇ ಗಂಡ ಹೆಂಡಿರಿದ್ದ ಹಾಗೆ, ಒಬ್ಬರಿಗೊಬ್ಬರು ಉಜ್ಜಿ ಉಜ್ಜಿಯೇ ಹೊಂದಿಕೊಂಡವರು. ಬೇರೆ ಗಾಡಿಯ ಸವೆದ ರಿಂಗನ್ನು ತಂದು ಸೇರಿಸಿದರೆ ಕಂಪ್ರೆಷನ್ ನಿಲ್ಲುವುದಿಲ್ಲ. ಲೇತಿನವನಿಂದ ಬೋರ್ ಹೊಡೆಸಿ, ಅಳತೆಗೆ ತಕ್ಕ ಓವರ್‌ಸೈಜ್ ಪಿಸ್ಟನ್ ಹೊಸದನ್ನೇ ಹಾಕಿಸಿ. ಬೇರಿಂಗೂ ಅಷ್ಟೆ. ಗುಜರಿಯಲ್ಲಿ ಸೀಮೆಎಣ್ಣೆ ಸ್ನಾನವಾದ ಮೇಲೆ ಎಲ್ಲ ಬೇರಿಂಗೂ ಮದುಮಗನೇ. ಬಣ್ಣ ಬಯಲಾಗುವುದು ಇಂಜಿನ್ನೊಳಗೆ ಕೂತು ಗೊರಗೊರ ಎಂದಾಗ. ಆಗ ಕ್ರ್ಯಾಂಕ್‌ಕೇಸನ್ನು ಮತ್ತೆ ಎರಡು ಹೋಳು ಮಾಡಬೇಕು, ಮಜೂರಿ ಮತ್ತೊಮ್ಮೆ ಎಣಿಸಬೇಕು.

ಇನ್ನು ಆಯಿಲ್ ಸೀಲು. ಈ ರಬ್ಬರು ಬಳೆಗಾಗಿ ಜಿಪುಣತನ ಮಾಡುವವರು ದೊಡ್ಡ ಶೂರರು. ಟೂ ಸ್ಟ್ರೋಕಿನಲ್ಲಿ ಪೆಟ್ರೋಲ್ ಗಾಳಿ ಮೊದಲು ಹೋಗುವುದೇ ಕ್ರ್ಯಾಂಕ್‌ಕೇಸಿಗೆ. ಸೀಲು ಹೋದರೆ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ, ಮಿಶ್ರಣ ತೆಳುವಾಗುತ್ತದೆ, ಇಂಜಿನ್ ಕಾದು ಪಿಸ್ಟನ್ ಹಿಡಿದುಕೊಳ್ಳುತ್ತದೆ. ಗೇರ್‌ಬಾಕ್ಸ್ ಕಡೆಯ ಸೀಲಾದರೆ ಗೇರ್ ಆಯಿಲನ್ನೇ ಹೀರಿ, ಬೀದಿಗೆಲ್ಲ ಧೂಪ ಹಾಕುತ್ತದೆ. ಇಲ್ಲಿ ಮಾತ್ರ ಹಳೇ ಡಬ್ಬಿಯ ಒರಿಜಿನಲ್ಲಿಗೆ ಮರುಳಾಗಬೇಡಿ. ಬಳಸದೆ ಇಟ್ಟರೂ ರಬ್ಬರು ಸೆಟೆದುಕೊಳ್ಳುತ್ತದೆ.

ಹೆಡ್ಡು, ಕಾರ್ಬೊರೇಟರ್ ಬಾಡಿ, ಕ್ಲಚ್ ಕವರುಗಳಿಗೆ ಮಾತ್ರ ಧಾರಾಳವಾಗಿ ಗುಜರಿಗೆ ಹೋಗಿ. ಹೆಡ್ಡಿನ ಫಿನ್ನು ಮುರಿದಿರಬಾರದು, ಗಾಜಿನ ಮೇಲಿಟ್ಟರೆ ಅಲುಗಬಾರದು, ಪ್ಲಗ್ಗಿನ ಮರೆ ಸವೆದಿರಬಾರದು. ಅಷ್ಟಿದ್ದರೆ ಆ ಮುದಿ ತುಂಡು ಇನ್ನೊಂದು ತಲೆಮಾರು ಕಾಣುತ್ತದೆ.

ಒಂದೇ ಒಂದು ಕಡೆ ಹುಷಾರು: ಕ್ರ್ಯಾಂಕ್‌ಕೇಸು. ಇಂಜಿನ್ ನಂಬರು ಹೊಡೆದಿರುವುದು ಅದರ ಮೇಲೆ. ಅಗ್ಗಕ್ಕೆ ಸಿಕ್ಕಿತೆಂದು ತಂದು ಕೂರಿಸಿದರೆ ಆರ್‌ಸಿಯಲ್ಲಿ ಒಂದು ನಂಬರು, ಇಂಜಿನ್ನಲ್ಲಿ ಇನ್ನೊಂದು. ಅದು ಕದ್ದ ಗಾಡಿಯದಾಗಿದ್ದರಂತೂ ಪೊಲೀಸರಿಗೆ ಉತ್ತರ ಹೇಳಬೇಕಾದವರು ನೀವು, ಗುಜರಿಯವನಲ್ಲ.

ಆದ್ದರಿಂದ ಸ್ವಾಮೀ, ಮೆಕ್ಯಾನಿಕ್ಕಿನ ಹತ್ತಿರ ಎರಡು ಚೀಟಿ ಬರೆಸಿಕೊಳ್ಳಿ, ಒಂದು ಜೆ.ಸಿ. ರಸ್ತೆಗೆ, ಒಂದು ಶಿವಾಜಿನಗರಕ್ಕೆ. ಎರಡನೆಯದಕ್ಕೆ ಅವನನ್ನೇ ಕರೆದುಕೊಂಡು ಹೋಗಿ. ದಾರಿಯ ಕಾಫಿ ತಿಂಡಿ ಖರ್ಚು ನಿಮ್ಮದು. ಎರಡನೇ ಸಲ ಇಂಜಿನ್ ಬಿಚ್ಚಿಸುವುದಕ್ಕಿಂತ ಅದು ಅಗ್ಗ.