ಏನೂ ಮಾಡಲ್ಲ, ಬನ್ನಿ

ಗೇಟಿಗೆ ‘ನಾಯಿ ಇದೆ, ಎಚ್ಚರಿಕೆ’ ಎಂಬ ಬೋರ್ಡು. ಬೋರ್ಡಿನಲ್ಲಿ ಹಲ್ಲು ಕಿರಿದ ಆಲ್ಸೇಷಿಯನ್ನಿನ ಚಿತ್ರ. ಬೋರ್ಡಿನ ಹಿಂದೆ ಅದೇ ಹಲ್ಲು, ಅದೇ ಭಂಗಿಯ ಅಸಲಿ ನಾಯಿ. ನಾಯಿಯ ಹಿಂದೆ ಬನಿಯನ್ನು, ಬರ್ಮುಡಾ ತೊಟ್ಟು, ಕಾಫಿ ಲೋಟ ಹಿಡಿದು ನಗುನಗುತ್ತ ನಿಂತವರು ಏನೂಮಾಡಲ್ಲ ರಾಯರು. “ಬನ್ನಿ ಸಾರ್ ಬನ್ನಿ, ಏನೂ ಮಾಡಲ್ಲ!” ಎಂದು ಅವರು ಕೂಗುವುದು ಬೊಗಳಾಟದ ನಡುವೆ ಅರ್ಧಂಬರ್ಧ ಕೇಳಿಸುತ್ತದೆ. ಏನೂ ಮಾಡದಿದ್ದರೆ ಬೋರ್ಡು ಯಾಕೆ ಎಂದು ಕೇಳಿ ನೋಡಿ. “ಅದು ಕಳ್ಳರಿಗೆ” ಎನ್ನುತ್ತಾರೆ. ಕಳ್ಳ ಯಾರು, ಕೊರಿಯರ್ ಹುಡುಗ ಯಾರು ಎಂದು ತೀರ್ಮಾನಿಸುವ ಅಧಿಕಾರವನ್ನು ಆ ಮನೆಯಲ್ಲಿ ನಾಯಿಗೇ ಬಿಟ್ಟುಕೊಡಲಾಗಿದೆ.

ರಾಯರ ನಿಜನಾಮಧೇಯ ಬೇಡ. ಅವರು ಬೆಂಗಳೂರಿನ ಜಯನಗರದಲ್ಲೂ ಇದ್ದಾರೆ, ಮೈಸೂರಿನ ಕುವೆಂಪುನಗರದಲ್ಲೂ ಇದ್ದಾರೆ. ಹುಬ್ಬಳ್ಳಿಯಲ್ಲಿ “ಏನೂ ಮಾಡಂಗಿಲ್ರೀ, ಬರ್ರಿ ಒಳಗ” ಎನ್ನುತ್ತಾರೆ, ಮಂಗಳೂರಿನಲ್ಲಿ “ಎಂಥದ್ದೂ ಮಾಡುದಿಲ್ಲ ಮಾರಾಯ್ರೆ”. ಊರು ಬದಲಾದರೂ ಭರವಸೆ ಅದೇ. ಬ್ಯಾಂಕಿನಲ್ಲಿ ತಮ್ಮನ ಸಾಲಕ್ಕೆ ಜಾಮೀನು ಹಾಕಲು ಹತ್ತು ಸಲ ಯೋಚಿಸುವ ಈ ಮನುಷ್ಯ, ನಲವತ್ತೆರಡು ಹಲ್ಲಿರುವ ಪ್ರಾಣಿಯ ಪರವಾಗಿ ದಿನಕ್ಕೆ ಹತ್ತು ಸಲ ಜಾಮೀನು ನಿಲ್ಲುತ್ತಾರೆ, ಒಂದು ರುಜುವನ್ನೂ ಹಾಕದೆ.

ಈ ಜಾಮೀನನ್ನು ನಂಬದವರೂ ಇದ್ದಾರೆ. ಕರೆಂಟು ಬಿಲ್ಲಿನ ಮೀಟರ್ ರೀಡರ್ ರಾಯರ ಗೇಟನ್ನು ಮುಟ್ಟುವುದೇ ಇಲ್ಲ. ಪಕ್ಕದ ಮನೆಯ ಕಾಂಪೌಂಡಿಗೆ ಆತು, ಮೊಬೈಲಿನ ಕ್ಯಾಮೆರಾ ಝೂಮ್ ಮಾಡಿ, ಕಣ್ಣು ಕಿರಿದು ಮಾಡಿ ಯೂನಿಟ್ ಓದುತ್ತಾನೆ. ಮೂರು ಎಂಟಾಗಿ ಕಂಡ ತಿಂಗಳು ರಾಯರಿಗೆ ಬಿಲ್ಲು ಹೆಚ್ಚು ಬರುತ್ತದೆ. ಗ್ಯಾಸ್ ತರುವವನು ಸಿಲಿಂಡರನ್ನು ಬೀದಿಯಲ್ಲೇ ಉರುಳಿಸಿ ಹೋಗುತ್ತಾನೆ. “ಈಗಿನ ಹುಡುಗ್ರಿಗೆ ಧೈರ್ಯ ಇಲ್ಲ” ಎಂದು ರಾಯರು ಅದನ್ನು ತಾವೇ ಎತ್ತಿಕೊಂಡು ಬರುತ್ತಾರೆ.

ಒಳಗೆ ಹೋಗಲೇಬೇಕಾದ ನತದೃಷ್ಟರ ವಿಷಯಕ್ಕೆ ಬರೋಣ. ಮಗನ ಮುಂಜಿಗೆ ಕರೆಯಲು ಒಬ್ಬರು ಬಂದಿದ್ದಾರೆ ಎನ್ನಿ, ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟು. ರಾಯರ ನಾಯಿ ಸೀಸರ್ ಮೊದಲು ಪಂಚೆಯ ನೆರಿಗೆಯೊಳಗೆ ಮೂಗು ತೂರಿಸುತ್ತದೆ. “ಪರಿಚಯ ಮಾಡ್ಕೊಳ್ತಿದೆ” ಎನ್ನುತ್ತಾರೆ ರಾಯರು. ಆಮೇಲೆ ಮುಂಗಾಲು ಎರಡನ್ನೂ ಎತ್ತಿ ಬಂದವರ ಹೆಗಲ ಮೇಲಿಟ್ಟು ಮುಖದ ಹತ್ತಿರ ಉಸಿರು ಬಿಡುತ್ತದೆ. “ಪ್ರೀತಿ ಜಾಸ್ತಿ ಅದಕ್ಕೆ.” ಗಂಟಲಿನೊಳಗೆ ಏನೋ ಗುರುಗುಟ್ಟುತ್ತದೆ. “ಮಾತಾಡುತ್ತೆ ಸಾರ್, ಎಲ್ಲಾ ಅರ್ಥ ಆಗುತ್ತೆ ಅದಕ್ಕೆ.” ಪಂಚೆಯ ಅಂಚು ಹಲ್ಲಿಗೆ ಸಿಕ್ಕಿ ಅತಿಥಿ ಅದರ ಇನ್ನೊಂದು ತುದಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಾಗ ರಾಯರಿಗೆ ಅದು ಆಟ. ಕಾಲಲ್ಲಿ ಕೆಂಪು ಗೆರೆ ಮೂಡಿದಾಗ “ಹಲ್ಲು ತಾಗಿದೆ ಅಷ್ಟೆ, ಕಚ್ಚಿಲ್ಲ. ಕಚ್ಚಿದ್ರೆ ಹೀಗಿರ್ತಿತ್ತಾ?” ಎಂದು ತಜ್ಞಾಭಿಪ್ರಾಯ. ನಂತರ ಬರುವುದು ವಿಚಾರಣೆ, ಅದೂ ಕಚ್ಚಿಸಿಕೊಂಡವರದು. “ಇದುವರೆಗೂ ಯಾರಿಗೂ ಹೀಗ್ ಮಾಡಿರ್ಲಿಲ್ಲ. ನೀವೇನು ಮಾಡಿದ್ರಿ?”

ಅತಿಥಿ ಏನೂ ಮಾಡಿರುವುದಿಲ್ಲ. ನಿಜವಾಗಿ ಏನೂ ಮಾಡದವರು ಆ ಮನೆಯಲ್ಲಿ ಅವರೊಬ್ಬರೇ.

ಇಷ್ಟರ ನಡುವೆ ನಾಯಿ, ಪಾಪ, ಹೇಳಬೇಕಾದ್ದನ್ನೆಲ್ಲ ಹೇಳುತ್ತಲೇ ಇತ್ತು. ನಿದ್ದೆ ಬಾರದೆಯೂ ಆಕಳಿಸಿತು, ಎದುರಿಗೆ ತಿಂಡಿ ಇಲ್ಲದಿದ್ದರೂ ತುಟಿ ನೆಕ್ಕಿಕೊಂಡಿತು, ಮುಖ ಆ ಕಡೆ ತಿರುಗಿಸಿ ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡಿತು, ಮೈ ಬಿಗಿ ಹಿಡಿಯಿತು. ನಾಯಿಗಳ ಲೋಕದಲ್ಲಿ ಇದೆಲ್ಲ ‘ನನಗೆ ಈ ಸಹವಾಸ ಬೇಡ, ದೂರ ಇರಿ’ ಎಂಬ ಸೌಜನ್ಯದ ಮನವಿ. ರಾಯರು ನೋಡಿದ್ದು ಬಾಲವನ್ನು ಮಾತ್ರ. “ಬಾಲ ಅಲ್ಲಾಡಿಸ್ತಿದೆ ನೋಡಿ!” ಇಟಲಿಯ ಬಾರಿ ವಿಶ್ವವಿದ್ಯಾಲಯದವರು 2007ರಲ್ಲಿ ಇದನ್ನೇ ಕ್ಯಾಮೆರಾ ಇಟ್ಟು ಅಳೆದರು. ಒಡೆಯನನ್ನು ಕಂಡಾಗ ನಾಯಿಯ ಬಾಲ ಬಲಕ್ಕೆ ಹೆಚ್ಚು ವಾಲಿತು. ಅಪರಿಚಿತವಾದ, ಮೇಲೆ ಬೀಳುವಂಥ ನಾಯಿಯನ್ನು ಕಂಡಾಗ ಎಡಕ್ಕೆ. ಬಾಲ ಎರಡು ಸಲವೂ ಅಲ್ಲಾಡಿತ್ತು. ರಾಯರಿಗೆ ಇದನ್ನು ಹೇಳಿದರೆ “ಅದು ಫಾರಿನ್ ನಾಯಿ” ಎಂದರು. ಅವರದೇನು ನಾಗಮಂಗಲದ್ದೇ?

ಅದು ಲ್ಯಾಬ್ರಡಾರ್. ರಾಯರ ಮನೆಯ ನಾಯಿಚರಿತ್ರೆ ಕನ್ನಡ ಮಧ್ಯಮವರ್ಗದ ಚರಿತ್ರೆಯೂ ಹೌದು. ಮೊದಲಿಗೆ ಪೊಮೇರಿಯನ್ ಇತ್ತು, ಹೆಸರು ಸ್ನೋವಿ, ಕೆಲಸ ಸೋಫಾದ ಕೆಳಗಿನಿಂದ ಹಿಮ್ಮಡಿ ಹುಡುಕುವುದು. 2003ರ ಆಸುಪಾಸಿನಲ್ಲಿ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಪಗ್ ಒಂದು ಹುಡುಗನ ಹಿಂದೆ ಹಿಂದೆ ನಡೆದಾಗ ರಾಯರೂ ಪಗ್ ತಂದರು. ಅದು ಹಿಂದೆ ನಡೆಯಲಿಲ್ಲ. ಹತ್ತು ಹೆಜ್ಜೆಗೆ ಏದುಸಿರು ಬಿಟ್ಟು ಕೂತುಬಿಡುತ್ತಿತ್ತು, ರಾಯರೇ ಎತ್ತಿಕೊಂಡು ನಡೆದರು. 2022ರಲ್ಲಿ ‘777 ಚಾರ್ಲಿ’ ನೋಡಿ ಥಿಯೇಟರಿನಲ್ಲಿ ಬಿಕ್ಕಿ ಬಿಕ್ಕಿ ಅತ್ತು, ಆ ವಾರವೇ ಲ್ಯಾಬ್ರಡಾರ್ ಮರಿ ಕೊಂಡರು. ಲಾಭಕ್ಕಾಗಿ ನಾಯಿಮರಿ ಹುಟ್ಟಿಸಿ ಮಾರುವವರ ಕ್ರೌರ್ಯವನ್ನು ಆ ಚಿತ್ರ ಮುಖಕ್ಕೆ ಹೊಡೆದ ಹಾಗೆ ಹೇಳುತ್ತದೆ. ಆ ಭಾಗ ಬಂದಾಗ ರಾಯರು ಪಾಪ್‌ಕಾರ್ನಿಗೆ ಹೋಗಿದ್ದಿರಬೇಕು. ಅವರ ತಮ್ಮನ ಮನೆಯಲ್ಲಿ ಸೈಬೀರಿಯನ್ ಹಸ್ಕಿ ಇದೆ. ಹಿಮದ ಮೇಲೆ ಗಾಡಿ ಎಳೆಯಲೆಂದು ಚುಕ್ಚಿ ಜನ ತಳಿ ಮಾಡಿದ ಪ್ರಾಣಿ ಏಪ್ರಿಲ್ ತಿಂಗಳ ಬೆಂಗಳೂರಿನಲ್ಲಿ ಬಚ್ಚಲುಮನೆಯ ಟೈಲ್ಸಿನ ಮೇಲೆ ಹೊಟ್ಟೆ ಊರಿ ಮಲಗಿರುತ್ತದೆ. ಅದಕ್ಕೆ ಏಸಿ ಇದೆ, ಅತ್ತೆಯವರಿಗೆ ಫ್ಯಾನು.

ಮುಧೋಳದ ನಾಯಿ ಸಾಕಬಾರದೇ ಎಂದು ಕೇಳಿದ್ದಕ್ಕೆ ರಾಯರಿಗೆ ಅಭಿಮಾನ ಉಕ್ಕಿತು. ಅಂಚೆ ಇಲಾಖೆ 2005ರಲ್ಲಿ ಅದರ ಸ್ಟಾಂಪು ತಂದದ್ದು ಗೊತ್ತು, ಸೇನೆಯವರು ತರಬೇತಿಗೆ ಒಯ್ದದ್ದೂ ಗೊತ್ತು. ಆದರೆ ಮೂವತ್ತು ನಲವತ್ತರ ಸೈಟಿನಲ್ಲಿ ಅದು ಓಡುವುದೆಲ್ಲಿ ಎಂಬ ಪ್ರಶ್ನೆಗೆ “ಬಾಲ್ಕನಿ ಇದೆಯಲ್ಲ” ಎಂದರು. ಮೊಲ ಅಟ್ಟಲು ಹುಟ್ಟಿದ ನಾಯಿಯ ಪುಣ್ಯ, ಅಷ್ಟರಲ್ಲಿ ಮಾತು ಬೇರೆ ಕಡೆ ಹೊರಳಿತು.

ಹೊರಳಿದ್ದು ಆಹಾರದ ಕಡೆಗೆ. “ನಮ್ಮ ಸೀಸರ್ ಪ್ಯೂರ್ ವೆಜ್, ಮೊಸರನ್ನ ಬಿಟ್ರೆ ಇನ್ನೇನೂ ಮುಟ್ಟಲ್ಲ.” ಬೀದಿಯ ಕೊನೆಯ ಚಿಕನ್ ಅಂಗಡಿಯವನು ಈ ವಿಷಯದಲ್ಲಿ ಬೇರೆ ಅಭಿಪ್ರಾಯ ಹೊಂದಿದ್ದಾನೆ. ಏಕಾದಶಿಯಂದು ಸೀಸರ್ ಉಪವಾಸವಂತೆ. ಆವತ್ತು ಮನೆಯಲ್ಲಿ ಅನ್ನವನ್ನೇ ಮಾಡುವುದಿಲ್ಲ ಎಂಬ ಸಂಗತಿಯನ್ನು ಅವರು ಭಕ್ತಿಯ ಲೆಕ್ಕದಲ್ಲಿ ಸೇರಿಸಿಲ್ಲ. ಹಬ್ಬ ಬಂದರೆ ಮಾತ್ರ ಎಲೆಯ ಪಕ್ಕದಲ್ಲೇ ಅದಕ್ಕೂ ಬಡಿಸುತ್ತಾರೆ: ಒಣದ್ರಾಕ್ಷಿ ಹಾಕಿದ ಪಾಯಸ. ದ್ರಾಕ್ಷಿ ನಾಯಿಯ ಮೂತ್ರಪಿಂಡಕ್ಕೆ ವಿಷ, ಈರುಳ್ಳಿ ಅದರ ಕೆಂಪು ರಕ್ತಕಣ ಒಡೆಯುತ್ತದೆ, ಚಾಕೊಲೇಟು ಎದೆಬಡಿತ ಕೆಡಿಸುತ್ತದೆ. ಪಶುವೈದ್ಯರು ಇದನ್ನು ಬರೆದೇ ಕೊಟ್ಟಿದ್ದಾರೆ. ಅದಕ್ಕೆ ರಾಯರ ಸಮಜಾಯಿಷಿ ಏನೆಂದು ನೀವೇ ಊಹಿಸಬಲ್ಲಿರಿ: “ಸ್ವಲ್ಪ ತಿಂದ್ರೆ ಏನೂ ಮಾಡಲ್ಲ.”

ಬೆಳಗಿನ ವಾಕಿಂಗಿನಲ್ಲಿ ಅವರನ್ನು ನೋಡಬೇಕು. ಬೆಲ್ಟು ಸೀಸರಿನ ಕುತ್ತಿಗೆಯಲ್ಲಿ ಇರುವುದಿಲ್ಲ, ರಾಯರ ಹೆಗಲ ಮೇಲೆ ಶಲ್ಯದ ಹಾಗೆ ಇಳಿಬಿದ್ದಿರುತ್ತದೆ. ಸೀಸರ್ ನೂರು ಅಡಿ ಮುಂದೆ. “ಸೀಸರ್, ಕಮ್! ಸೀಸರ್, ನೋ! ಸೀಸರ್, ಸಿಟ್!” ಮನೆಯಲ್ಲಿ ಅಪ್ಪಟ ಕನ್ನಡದ ರಾಯರು ನಾಯಿಯೊಡನೆ ಮಾತ್ರ ಇಂಗ್ಲಿಷು. ಮೂರೂ ಆಜ್ಞೆಗೆ ಅದು ಒಂದೇ ಉತ್ತರ ಕೊಡುತ್ತದೆ, ಓಡುತ್ತದೆ. ಕೊನೆಗೆ ಅದು ಕೂರುವುದು ಆಜ್ಞೆಯಿಂದಲ್ಲ, ನಿಸರ್ಗದ ಕರೆಯಿಂದ. ಅದೂ ಯಾರೋ ಆಗ ತಾನೇ ಎಳೆದ ರಂಗೋಲಿಯ ಅಂಚಿನಲ್ಲಿ. ಆ ಕ್ಷಣದಲ್ಲಿ ರಾಯರಿಗೆ ಆಕಾಶದ ಮೋಡ, ಮೊಬೈಲಿನ ಶುಭೋದಯ ಸಂದೇಶ, ವಿದ್ಯುತ್ ತಂತಿಯ ಮೇಲಿನ ಕಾಗೆ, ಎಲ್ಲದರಲ್ಲೂ ಆಸಕ್ತಿ ಹುಟ್ಟುತ್ತದೆ. ಚೀಲ ತರಬಹುದಲ್ಲ ಎಂದರೆ “ಗೊಬ್ಬರ ಅಲ್ವೇನ್ರೀ” ಎನ್ನುತ್ತಾರೆ. ಆ ಗೊಬ್ಬರ ಅವರ ತೋಟದ ಗುಲಾಬಿಗೆ ಬಿದ್ದದ್ದನ್ನು ಯಾರೂ ಕಂಡಿಲ್ಲ.

ಬೀದಿಯವರು ಸುಮ್ಮನಿಲ್ಲ. ಮನೆಮನೆಯ ಗೇಟಿಗೂ ನೀಲಿ ನೀರಿನ ಬಾಟಲಿ ನೇತುಹಾಕಿದ್ದಾರೆ; ಬಟ್ಟೆಗೆ ಹಾಕುವ ನೀಲಿಯನ್ನು ಎರಡು ಹನಿ ಬೆರೆಸಿದರೆ ನಾಯಿ ಹತ್ತಿರ ಸುಳಿಯುವುದಿಲ್ಲ ಎಂಬುದು ಕರ್ನಾಟಕದ ಗಲ್ಲಿಗಲ್ಲಿಯ ಗಟ್ಟಿ ನಂಬಿಕೆ. ಕೆಲವರು ಕೆಂಪು ನೀರನ್ನೂ ಇಟ್ಟು ನೋಡಿದರು. ನಾಯಿಗೆ ನೀಲಿ, ಹಳದಿ ಚೆನ್ನಾಗಿಯೇ ಕಾಣುತ್ತವೆ, ಕೆಂಪು ಮಾತ್ರ ಮಂಕು. ಕಾಣುವುದು ಬೇರೆ, ಹೆದರುವುದು ಬೇರೆ. ಸೀಸರ್ ಬೀದಿಯ ಎರಡೂ ಬದಿಯ ಬಾಟಲಿಗಳನ್ನು ಮೂಸಿ, ಒಂದನ್ನು ಆರಿಸಿ, ಅದಕ್ಕೇ ಕಾಲೆತ್ತಿತು.

ಬೀದಿನಾಯಿಗಳ ವಿಷಯದಲ್ಲಿ ಮಾತ್ರ ರಾಯರು ಬಲು ಕಟ್ಟುನಿಟ್ಟು. ಬಿಬಿಎಂಪಿ 2023ರ ಎಣಿಕೆಯಲ್ಲಿ ನಗರದ ಬೀದಿನಾಯಿಗಳು 2.79 ಲಕ್ಷ ಎಂದಾಗ ನಿದ್ದೆಗೆಟ್ಟರು. 2025ರಲ್ಲಿ ಸುಮಾರು 5,000 ಬೀದಿನಾಯಿಗಳಿಗೆ ಕೋಳಿ ಅನ್ನ ಹಾಕುವ ಯೋಜನೆ, ಊಟವೊಂದಕ್ಕೆ 22 ರೂಪಾಯಿ 42 ಪೈಸೆ ಎಂಬ ಸುದ್ದಿ ಬಂದಾಗ, ಪೇಪರು ಹಿಡಿದು ಮನೆಮನೆಗೆ ಹೋಗಿ ಸಹಿ ಸಂಗ್ರಹಿಸಿದರು. ಜೊತೆಗೆ ಸೀಸರೂ ಇತ್ತು, ಬೆಲ್ಟಿಲ್ಲದೆ. ಹಾಗಾಗಿ ಸಹಿಗಳು ಬೇಗ ಬಿದ್ದವು.

ಅವರ ಎದುರು ಪಕ್ಷದವರೂ ಬುದ್ಧಿವಂತರೇನಲ್ಲ, ಅದನ್ನೂ ಹೇಳಿಬಿಡುತ್ತೇನೆ. ನಾಯಿ ಕಂಡೊಡನೆ ಕಿರುಚಿ ಓಡುವವರು, ‘ನಮ್ಮೂರಲ್ಲಿ ಇಂಥವು ಹತ್ತು ಸಾಕಿದ್ವಿ’ ಎಂದು ಗುರುತು ಪರಿಚಯವಿಲ್ಲದ ನಾಯಿಯ ನೆತ್ತಿಗೆ ನೇರ ಕೈ ಹಾಕುವವರು, ಮಲಗಿದ್ದರ ಬಾಲ ತುಳಿದು ಅದಕ್ಕೇ ಬೈಯುವವರು, ದೀಪಾವಳಿಯಲ್ಲಿ ಮಂಚದ ಕೆಳಗೆ ನಡುಗುತ್ತಿರುವ ಪ್ರಾಣಿಯನ್ನು ‘ಅಭ್ಯಾಸ ಆಗ್ಲಿ’ ಎಂದು ಹೊರಗೆಳೆಯುವವರು. ಇವರೆಲ್ಲರಿಗೂ ಒಂದೊಂದು ಪುಟ ಸಲ್ಲಬೇಕು, ಆದರೆ ಇವರು ಯಾರೂ ಇನ್ನೊಬ್ಬರ ಕಾಲಿಗೆ ಗ್ಯಾರಂಟಿ ಕೊಡುವುದಿಲ್ಲ.

ಒಮ್ಮೆ ರಾಯರಿಗೆ ಆತಕೂರಿನ ಕಲ್ಲಿನ ಕಥೆ ಹೇಳಿದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ, ಸಾವಿರ ವರ್ಷ ದಾಟಿದ ಆ ವೀರಗಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರನಿಗೆ ಗಂಗರ ಬೂತುಗ ‘ಏನು ಬೇಕೋ ಕೇಳು’ ಎಂದಾಗ ಆತ ಊರು ಕೇಳಲಿಲ್ಲ, ಕಾಳಿ ಎಂಬ ನಾಯಿಯನ್ನು ಕೇಳಿದ. ಆ ಕಾಳಿ ಕಾಡುಹಂದಿಯೊಡನೆ ಕಾದಾಡಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಅದಕ್ಕೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ನಾಯಿಯ ಪಾಪ ತಟ್ಟಲಿ ಎಂದು ಬರೆಸಿದರು. ರಾಯರ ಕಣ್ಣು ತುಂಬಿತು. “ನಮ್ಮ ಸೀಸರಿಗೂ ಒಂದು ಹಾಕಿಸ್ಬೇಕು” ಎಂದರು. ಕಾಳಿ ಏನೋ ಮಾಡಿದ್ದಕ್ಕೆ ಕಲ್ಲು ನೆಟ್ಟದ್ದು ಸ್ವಾಮೀ, ಏನೂ ಮಾಡದ ನಾಯಿಗೆ ಯಾವ ರಾಜನೂ ಶಾಸನ ಬರೆಸಿಲ್ಲ ಎಂದೆ. ರಾಯರು ಕಾಫಿಯನ್ನು ಒಂದೇ ಗುಟುಕಿಗೆ ಮುಗಿಸಿದರು.

ಮುಂಜಿಗೆ ಕರೆಯಲು ಬಂದವರ ಕಾಲು ಹಾಗೇ ಇದೆ. ರಾಯರು ಒಳಗಿನಿಂದ ಅರಿಸಿನದ ಡಬ್ಬಿ ತಂದಿದ್ದಾರೆ, ಸುಣ್ಣವೂ ಆದೀತು ಎನ್ನುತ್ತಿದ್ದಾರೆ. “ವ್ಯಾಕ್ಸಿನ್ ಆಗಿದೆ” ಎಂದೂ ಹೇಳುತ್ತಾರೆ. ಚೀಟಿ ತೋರಿಸಿ ಎಂದರೆ ಬೀರುವಿನ ಕೀ ಹೆಂಡತಿಯ ಹತ್ತಿರ, ಹೆಂಡತಿ ತುಮಕೂರಿನಲ್ಲಿ. ಅರಿಸಿನ ಬೇಡ, ಸುಣ್ಣ ಬೇಡ. ನಲ್ಲಿ ತಿರುಗಿಸಿ, ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಬೇಕು. ಹೊಕ್ಕುಳಿನ ಸುತ್ತ ಹದಿನಾಲ್ಕು ಸೂಜಿ ಎಂದು ಹೆದರಿ ಮನೆಯಲ್ಲೇ ಕೂರುವವರು ಈಗಲೂ ಇದ್ದಾರೆ. ಕಸೌಲಿಯಲ್ಲಿ ಸೆಂಪಲ್ ಎಂಬವರು 1911ರಲ್ಲಿ ರೂಪಿಸಿದ, ಕುರಿಯ ಮಿದುಳಿನಿಂದ ಮಾಡುತ್ತಿದ್ದ ಆ ಲಸಿಕೆಯ ಕಾಲ ಮುಗಿದು ಎಷ್ಟೋ ವರ್ಷವಾಯಿತು. ಈಗ ತೋಳಿಗೆ ನಾಲ್ಕೋ ಐದೋ ಸೂಜಿ, ಗಾಯ ಆಳವಾಗಿದ್ದರೆ ಅದರ ಸುತ್ತ ಇನ್ನೊಂದು ಔಷಧ. ರೇಬೀಸ್ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಮಾತ್ರ ವೈದ್ಯರ ಕೈಯಲ್ಲಿ ಹೆಚ್ಚುಕಡಿಮೆ ಏನೂ ಉಳಿಯುವುದಿಲ್ಲ. ಕಚ್ಚಿದ ನಾಯಿಯನ್ನು ಹತ್ತು ದಿನ ಗಮನಿಸಬೇಕು, ಆದರೆ ಅದಕ್ಕಾಗಿ ಸೂಜಿ ತಡಮಾಡಬಾರದು.

ಸಾಕಿದ ಪ್ರಾಣಿಯಿಂದ ಜೀವಕ್ಕೆ ಅಪಾಯವಾಗದಂತೆ ನೋಡಿಕೊಳ್ಳದ ಒಡೆಯನಿಗೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಲ್ಲಿ ಆರು ತಿಂಗಳವರೆಗೆ ಜೈಲು, ಐದು ಸಾವಿರದವರೆಗೆ ದಂಡ, ಅಥವಾ ಎರಡೂ ಇವೆ. ರಾಯರ ಮೇಲೆ ಯಾರೂ ಕೇಸು ಹಾಕುವುದಿಲ್ಲ, ಅವರು ಒಳ್ಳೆಯವರು, ಮನೆಗೆ ಹೋದರೆ ಕಾಫಿ ಕೊಡದೆ ಕಳಿಸುವವರಲ್ಲ. ಆದ್ದರಿಂದ ನೀವು ಹೊರಡುವ ಮುಂಚೆ ಒಂದು ಫೋನ್ ಮಾಡಿ, ನಾಯಿಯನ್ನು ಕಟ್ಟಿದರೆ ಮಾತ್ರ ಬರುತ್ತೇನೆ ಎಂದು ಹೇಳಿ. ಅವರು ಬೇಜಾರು ಮಾಡಿಕೊಳ್ಳುತ್ತಾರೆ, ಮಾಡಿಕೊಳ್ಳಲಿ. ಬೆಲ್ಟು ಎಲ್ಲೋ ಇಟ್ಟಿದ್ದೀನಿ, ಕಾಣ್ತಿಲ್ಲ ಎಂದರೆ, ಹೆಗಲ ಮೇಲೆ ನೋಡಿಕೊಳ್ಳಲು ಹೇಳಿ.