ಬಾಲ್ಕನಿಯಿಂದ ಕಾಣುವ ಬಂಗಾಳ ಕೊಲ್ಲಿ

ಕಲ್ಯಾಣ ನಗರದ ಎಚ್‌ಆರ್‌ಬಿಆರ್ ಲೇಔಟಿನಲ್ಲಿ ಪ್ರತಿ ಅಡ್ಡರಸ್ತೆಗೂ ಒಬ್ಬ ಅಂಕಲ್ ಇರುತ್ತಾರೆ. ಥರ್ಟಿ ಫಾರ್ಟಿ ಸೈಟಿನಲ್ಲಿ ಮೂರು ಮಹಡಿ ಎಬ್ಬಿಸಿ, ಕೆಳಗಿನದನ್ನೂ ಮೇಲಿನದನ್ನೂ ಮಾನ್ಯತಾ ಟೆಕ್ ಪಾರ್ಕಿಗೆ ಹೋಗುವ ಹುಡುಗ ಹುಡುಗಿಯರಿಗೆ ಬಾಡಿಗೆಗೆ ಕೊಟ್ಟು, ನಡುವಿನದರಲ್ಲಿ ತಾವು ಉಳಿದುಕೊಂಡವರು. ನಿವೃತ್ತಿಯಾದ ಹೊಸದರಲ್ಲಿ ಇವರ ವಿಷಯ ಸೈಟಿನ ರೇಟು, ಆಮೇಲೆ ರಿಂಗ್ ರೋಡಿನ ಮೆಟ್ರೊ ಕಂಬ, ಈಗ ಹವಾಮಾನ. ಪ್ರಯೋಗಶಾಲೆ ಎಂದರೆ ರಸ್ತೆ ಕಡೆಯ ಬಾಲ್ಕನಿ. ಉಪಕರಣಗಳು ಮೂರು: ಫೋನಿನಲ್ಲಿ ವಿಂಡಿ ಆ್ಯಪ್, ತಲೆಗೆ ಮಂಕಿ ಕ್ಯಾಪ್, ಬಟ್ಟೆ ಒಣಹಾಕುವ ನೈಲಾನ್ ಹಗ್ಗ. ಮೂರರಲ್ಲಿ ಅವರು ನಿಜವಾಗಿ ನಂಬುವುದು ಹಗ್ಗವನ್ನು. ಪಂಚೆ ಎರಡು ದಿನವಾದರೂ ಒಣಗದಿದ್ದರೆ ವಾಯುಭಾರ ಕುಸಿತ. ಮೂರನೇ ದಿನ ಮುಗ್ಗಲು ವಾಸನೆ ಹೊಡೆದರೆ ಚಂಡಮಾರುತ. ಅಂಥ ಒಂದು ನವೆಂಬರ್ ಸಂಜೆ ಮೇಲಿನ ಮನೆಯ ಜೋಡಿ ಟ್ರಾಲಿ ಬ್ಯಾಗನ್ನು ಮೆಟ್ಟಿಲ ಮೇಲೆ ದಡಬಡ ಇಳಿಸಿಕೊಂಡು ಬಂದರೆ ವಿಚಾರಣೆ ಶುರುವಾಗುತ್ತದೆ. “ಎಲ್ಲಿಗಮ್ಮ?” “ಗೋಕರ್ಣಕ್ಕೆ ಅಂಕಲ್.” “ಗೋಕರ್ಣಾನಾ? ಟಿವಿ ನೋಡ್ಲಿಲ್ವಾ? ಸೈಕ್ಲೋನ್ ಬಂದು ಕೂತಿದೆ. ಇಲ್ಲೇ ಹಿಂಗೆ ಹೊಡೀತಿದೆ ಅಂದ್ಮೇಲೆ ಸಮುದ್ರದ ಪಕ್ಕ ಹೆಂಗಿರಬೇಡ!”

ಅಂಕಲ್ಲರ ವಿಜ್ಞಾನವೆಲ್ಲ ಈ ಕೊನೆಯ ವಾಕ್ಯದಲ್ಲಿದೆ. ಕೇಳುವುದಕ್ಕೆ ಒಂದು ತೂತೂ ಕಾಣುವುದಿಲ್ಲ. ಒಳನಾಡಿನಲ್ಲೇ ಮಳೆಯೆಂದರೆ ಕಡಲ ದಂಡೆಯಲ್ಲಿ ಇನ್ನೂ ಜಾಸ್ತಿ ಇರಲೇಬೇಕಲ್ಲ? ಇರಬೇಕಿಲ್ಲ, ಏಕೆಂದರೆ ನಮಗಿರುವ ಸಮುದ್ರಗಳು ಎರಡು. ಬೆಂಗಳೂರಿನಿಂದ ನೇರ ಗೆರೆ ಎಳೆದರೆ ಪೂರ್ವಕ್ಕೆ ಚೆನ್ನೈ, ಪಶ್ಚಿಮಕ್ಕೆ ಮಂಗಳೂರು, ಎರಡೂ ಹೆಚ್ಚುಕಡಿಮೆ ಮುನ್ನೂರು ಕಿ.ಮೀ. ದೂರ. ದೂರ ಒಂದೇ ಆದರೂ ದಾರಿ ಒಂದೇ ಅಲ್ಲ. ಪಶ್ಚಿಮಕ್ಕೆ ಸಹ್ಯಾದ್ರಿ ಅಡ್ಡ ನಿಂತಿದೆ. ಪೂರ್ವಕ್ಕೆ ಅಂಥ ಗೋಡೆಯಿಲ್ಲ. ಹಾಗಾಗಿ ತಮಿಳುನಾಡಿನ ಕರಾವಳಿಯ ಎದುರು ಒತ್ತಡ ಕುಸಿದಾಗಲೆಲ್ಲ ಅದರ ಮೋಡ ಕೋಲಾರದ ಮೇಲೆ ಹಾದು ಕಮ್ಮನಹಳ್ಳಿಗೆ ಬಂದು ಜಿಟಿಜಿಟಿ ಹಿಡಿದುಕೊಳ್ಳುತ್ತದೆ. 2024ರ ನವೆಂಬರ್ 30ರಂದು ಫೆಂಗಲ್ ಚಂಡಮಾರುತ ಪುದುಚೇರಿಯ ಬಳಿ ದಡ ಮುಟ್ಟಿದಾಗ ಅಲ್ಲಿ ಒಂದೇ ದಿನದಲ್ಲಿ 40 ಸೆಂ.ಮೀ.ಗೂ ಮಿಕ್ಕಿ ಮಳೆ ಸುರಿಯಿತು. ಬೆಂಗಳೂರಿಗೆ ಸಿಕ್ಕಿದ್ದು ಥಂಡಿ, ಮೋಡ ಮತ್ತು ಒದ್ದೆ ಪಂಚೆ. ಅಂಕಲ್ಲರ ಬಾಲ್ಕನಿಗೆ ಬಂದದ್ದು ಬಂಗಾಳ ಕೊಲ್ಲಿ. ಆ ಹುಡುಗರು ಹೊರಟಿದ್ದು ಅರಬ್ಬಿ ಸಮುದ್ರಕ್ಕೆ. ಆ ಹೊತ್ತಿಗೆ ಪುದುಚೇರಿಗೆ ಹೊರಟವರನ್ನು ತಡೆದಿದ್ದರೆ ಅಂಕಲ್ಲರಿಗೆ ಕೈ ಮುಗಿಯಬಹುದಿತ್ತು. ಆದರೆ ಪುದುಚೇರಿ ಎಂದರೆ ಅವರ ಲೆಕ್ಕದಲ್ಲಿ ಕಾರಿನಲ್ಲಿ ಹೋಗಿಬರುವ ಜಾಗ, ಹಾಗಾಗಿ ಸಮುದ್ರದ ಪಟ್ಟಿಯಲ್ಲೇ ಇಲ್ಲ.

ಇಲ್ಲಿ ಅಂಕಲ್ ಪರವಾಗಿ ಒಂದು ಗಟ್ಟಿ ಆಕ್ಷೇಪ ಬರುತ್ತದೆ, ಅದನ್ನು ತಳ್ಳಿಹಾಕುವಂತಿಲ್ಲ. ಅದೇ ಫೆಂಗಲ್ಲಿನ ಉಳಿಕೆ ಭೂಮಿಯ ಮೇಲೆ ಸಾಗಿ ಮೂರು ದಿನದಲ್ಲಿ ನಮ್ಮ ಕರಾವಳಿಯನ್ನೂ ತಲುಪಿತು. ಡಿಸೆಂಬರ್ 3ರಂದು ದಕ್ಷಿಣ ಕನ್ನಡದ ಶಾಲೆಗಳಿಗೆ ರಜೆ ಕೊಡಬೇಕಾಯಿತು. “ನಾನು ಹೇಳ್ಲಿಲ್ವಾ?” ಎಂಬ ಮಾತು ಆ ದಿನ ಎಷ್ಟು ಬಾಲ್ಕನಿಗಳಿಂದ ಕೇಳಿಬಂದಿರಬೇಕು! ಆದರೆ ತಲುಪಿದ್ದು ಏನು ಎಂದು ನೋಡಬೇಕು. ಚಂಡಮಾರುತ ಬದುಕುವುದು ಬೆಚ್ಚಗಿನ ಕಡಲ ನೀರಿನ ಮೇಲೆ. ನೆಲ ಹತ್ತಿದ ಮೇಲೆ ಅದಕ್ಕೆ ಊಟವಿಲ್ಲ. ಗಾಳಿ ಸತ್ತುಹೋಗುತ್ತದೆ, ಹೊತ್ತು ತಂದ ತೇವ ಮಾತ್ರ ಉಳಿಯುತ್ತದೆ. ಮಂಗಳೂರಿಗೆ ಬಂದದ್ದು ಆ ತೇವ, ಅಂದರೆ ಜೋರು ಮಳೆ. ಮಳೆ, ಗಾಳಿ, ಅಲೆ ಇವು ಮೂರು ಬೇರೆ ಬೇರೆ ಅಪಾಯಗಳು. ಬಾಲ್ಕನಿಗೆ ಕಾಣುವುದು ಮೊದಲನೆಯದು ಮಾತ್ರ. ಮಳೆಯನ್ನು ನೋಡಿ ಅಲೆಯ ಬಗ್ಗೆ ತೀರ್ಪು ಕೊಡುವುದರಲ್ಲೇ ಅಂಕಲ್ ಜಾರಿ ಬೀಳುವುದು.

ಆದರೂ ಜಾಸ್ತಿ ಹೆದರಿಸಿದರೆ ಹೋಗುವುದು ಬರೀ ಹೋಂಸ್ಟೇ ಅಡ್ವಾನ್ಸು, ಜೀವವಂತೂ ಉಳಿಯುತ್ತದಲ್ಲ ಎನ್ನುವವರಿದ್ದಾರೆ. ಅಂಕಲ್ ಯಾವಾಗಲೂ ಹೆದರಿಸುತ್ತಿದ್ದರೆ ಈ ವಾದ ಒಪ್ಪಬಹುದಿತ್ತು. ತೊಂದರೆಯೆಂದರೆ, ಹೆದರಿಸಬೇಕಾದ ತಿಂಗಳಲ್ಲಿ ಅವರು ಹಸಿರು ಬಾವುಟ ಬೀಸುತ್ತಾರೆ. ಜೂನ್‌ನಲ್ಲಿ ಕಲ್ಯಾಣ ನಗರ ಹೇಗಿರುತ್ತದೆ? ತಂಪು ಗಾಳಿ, ಬಿಳಿ ಮೋಡ, ಸಂಜೆಗೊಂದು ತುಂತುರು. ಘಟ್ಟದ ಮಳೆ ನೆರಳಿನಲ್ಲಿರುವ ಊರಿಗೆ ಇಡೀ ಜೂನ್‌ನಲ್ಲಿ ಬೀಳುವುದು ಸುಮಾರು 110 ಮಿ.ಮೀ.; ಹೊನ್ನಾವರ, ಕುಮಟಾ ಕಡೆ ಅಷ್ಟು ಮಳೆ ಒಂದೇ ದಿನ ಬಿದ್ದರೂ ಯಾರೂ ಹುಬ್ಬೇರಿಸುವುದಿಲ್ಲ. ಇತ್ತ ಪಂಚೆ ಮಧ್ಯಾಹ್ನಕ್ಕೇ ಗರಿಗರಿ. ಜುಲೈ, ಆಗಸ್ಟ್ ಬಂತೆಂದರೆ ವಿಂಡಿಯಲ್ಲಿ ಕೆಂಪು ಸುಳಿಯೂ ಇಲ್ಲ, ಏಕೆಂದರೆ ಮುಂಗಾರು ಭರ್ತಿಯಾದಾಗ ಮೇಲಿನ ಗಾಳಿ ಒಂದು ಕಡೆಗೆ, ಕೆಳಗಿನದು ಇನ್ನೊಂದು ಕಡೆಗೆ ಎಳೆಯುವುದರಿಂದ ಚಂಡಮಾರುತಕ್ಕೆ ತಲೆಯೆತ್ತಲು ಆಗುವುದೇ ಅಪರೂಪ. ಸುಳಿಯಿಲ್ಲ, ಟಿವಿಯಲ್ಲಿ ಗದ್ದಲವಿಲ್ಲ, ಹಗ್ಗ ಒಣಗಿದೆ. “ಹೋಗ್ಬನ್ನಿ, ಆರಾಮಾಗಿ ಹೋಗ್ಬನ್ನಿ!” ಅದೇ ಹೊತ್ತಿನಲ್ಲಿ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಮಲ್ಪೆಯಲ್ಲಿ ಸೇಂಟ್ ಮೇರೀಸ್ ದ್ವೀಪದ ಬೋಟು ಬಂದ್, ದಡದುದ್ದಕ್ಕೂ ಬಲೆ ಕಟ್ಟಿ ಯಾರೂ ನೀರಿಗಿಳಿಯದಂತೆ ತಡೆ. ಹುಟ್ಟಿದಾಗಿನಿಂದ ಕಡಲಲ್ಲೇ ಬದುಕಿದವರು ದಡದಲ್ಲಿ ಕೂತು ಬಲೆ ಹೊಲಿಯುವ ಕಾಲದಲ್ಲಿ, ಈಜು ಬಾರದ ನಮ್ಮ ಹುಡುಗರು ಅಂಕಲ್ಲರ ಆಶೀರ್ವಾದದೊಂದಿಗೆ ನೈಟ್ ಬಸ್ ಹತ್ತುತ್ತಾರೆ. ಅಲ್ಲಿ ಕಾಲೆಳೆಯುವುದು ಚಂಡಮಾರುತವಲ್ಲ, ದಡದಿಂದ ಹಿಂದಕ್ಕೆ ಓಡುವ ನೀರಿನ ಸೆಳೆತ. ಅದಕ್ಕೆ ಯಾವ ದೇಶವೂ ಹೆಸರಿಡುವುದಿಲ್ಲ, ಟಿವಿಯವರು ಅದರ ಮುಂದೆ ರೇನ್‌ಕೋಟ್ ಹಾಕಿ ನಿಂತು ಕೂಗುವುದಿಲ್ಲ.

ಮೇ ತಿಂಗಳಿನದು ಬೇರೆ ಕಥೆ. ಆಗ ಅಂಕಲ್ಲರ ಬಳಿ ಅಂಕಿಅಂಶವೇ ಇರುತ್ತದೆ. “ಅರಬ್ಬಿ ಸಮುದ್ರದಲ್ಲಿ ಸೈಕ್ಲೋನೇ ಆಗಲ್ಲ ಕಣಪ್ಪ, ಎಲ್ಲಾ ಬಂಗಾಳ ಕೊಲ್ಲೀದೇ.” ಇದು ಪೂರ್ತಿ ಸುಳ್ಳಲ್ಲ. ಬಂಗಾಳ ಕೊಲ್ಲಿಯಲ್ಲಿ ಸುಮಾರು ನಾಲ್ಕಾದರೆ ಅರಬ್ಬಿಯಲ್ಲಿ ಒಂದು ಎಂಬುದು ಹಳೆಯ ಲೆಕ್ಕ. ಅಂಕಲ್ ಆ ಒಂದನ್ನು ಚಿಲ್ಲರೆಯೆಂದು ಬಿಟ್ಟುಬಿಟ್ಟಿದ್ದಾರೆ. 2019ರಲ್ಲಿ ಕ್ಯಾರ್, 2021ರಲ್ಲಿ ತೌಕ್ತೆ, 2023ರಲ್ಲಿ ಬಿಪರ್‌ಜಾಯ್, ಎಲ್ಲವೂ ಈ ಕಡೆಯವೇ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು 1982–2000ಕ್ಕೆ ಹೋಲಿಸಿ 2001–2019ರಲ್ಲಿ ಅರಬ್ಬಿ ಸಮುದ್ರದ ಚಂಡಮಾರುತಗಳು ಶೇ 52ರಷ್ಟು ಹೆಚ್ಚಿವೆ ಎಂದು ಲೆಕ್ಕ ಕೊಟ್ಟಿದ್ದಾರೆ. ಇವು ಕರ್ನಾಟಕದ ದಡಕ್ಕೆ ನೇರವಾಗಿ ಅಪ್ಪಳಿಸುವುದು ಅಪರೂಪ, ನಿಜ. ಒಂದೋ ದಂಡೆಗೆ ಸಮಾನಾಂತರವಾಗಿ ಗುಜರಾತಿನ ಕಡೆಗೆ, ಇಲ್ಲವೇ ಓಮಾನಿನ ಕಡೆಗೆ ಹೋಗುತ್ತವೆ. ಆದರೆ ಪಕ್ಕದಲ್ಲಿ ಹಾದುಹೋದರೂ ಸಾಕು. ತೌಕ್ತೆ ದಡ ಮುಟ್ಟಿದ್ದು ಗುಜರಾತಿನಲ್ಲಿ. ಅಷ್ಟರಲ್ಲಿ ಉಳ್ಳಾಲದಲ್ಲಿ ಕಡಲ್ಕೊರೆತಕ್ಕೆ ಮನೆಗಳು ಹೋಗಿದ್ದವು, ಮಂಗಳೂರಿನಾಚೆ ಬಂಡೆಗೆ ಸಿಕ್ಕಿಕೊಂಡ ಟಗ್ಗಿನಿಂದ ಒಂಬತ್ತು ಮಂದಿಯನ್ನು ನೌಕಾಪಡೆ ಮತ್ತು ಕೋಸ್ಟ್ ಗಾರ್ಡ್ ಎತ್ತಿ ತರಬೇಕಾಯಿತು.

ಕಡಲಾಚೆಯ ಭೂಗೋಳದಲ್ಲಿ ಅಂಕಲ್ ಇನ್ನೂ ಉದಾರಿ. ಅಂಡಮಾನ್, ಲಕ್ಷದ್ವೀಪ, ಮಾಲ್ಡೀವ್ಸ್, ಬಾಲಿ ಎಲ್ಲ ಒಂದೇ ಅಡ್ಡರಸ್ತೆಯ ಮನೆಗಳು. ಮಾಲ್ಡೀವ್ಸ್ ಎಂದರೆ “ಭೂಮಧ್ಯರೇಖೆ ಹತ್ರ, ಪುಟಾಣಿ ದ್ವೀಪ, ಒಂದು ಸೈಕ್ಲೋನ್ ಬಂದ್ರೆ ಮುಗೀತು” ಎನ್ನುತ್ತಾರೆ. ಆ ಮಧ್ಯರೇಖೆಯೇ ಮಾಲ್ಡೀವ್ಸ್‌ಗೆ ರಕ್ಷೆ. ಗಾಳಿಯನ್ನು ಸುರುಳಿ ಸುತ್ತಿಸುವ ತಿರುವು ಸಿಗುವುದು ಭೂಮಿಯ ತಿರುಗುವಿಕೆಯಿಂದ. ಮಧ್ಯರೇಖೆಯ ಮೇಲೆ ಆ ತಿರುವು ಸೊನ್ನೆ, ಐದು ಡಿಗ್ರಿಯ ಒಳಗೆ ತೀರಾ ಕಡಿಮೆ. ಮಾಲೆ ಇರುವುದು ನಾಲ್ಕು ಡಿಗ್ರಿಯಲ್ಲಿ. ಅಲ್ಲಿ ಹೆದರಬೇಕಾದದ್ದು ಉಕ್ಕುವ ಅಲೆಗೆ, 2004ರಲ್ಲಿ ಕಂಡಂಥ ಸುನಾಮಿಗೆ. ಇನ್ನು ಅಂಡಮಾನ್ ಚೆನ್ನೈಯಿಂದ “ಸ್ವಲ್ಪ ಆಚೆ”. ಆ ಸ್ವಲ್ಪ ಎಂದರೆ ಸುಮಾರು 1,350 ಕಿ.ಮೀ.; ನಿಕೋಬಾರಿನ ತುದಿಯಿಂದ ಇಂಡೊನೇಷ್ಯಾದ ಸುಮಾತ್ರಾ 200 ಕಿ.ಮೀ. ಕೂಡ ಇಲ್ಲ. ಈ ದೂರವನ್ನು ನುಂಗಿಬಿಟ್ಟರೆ ದಿನಗಳ ಲೆಕ್ಕವೂ ತಪ್ಪುತ್ತದೆ. 2016ರ ಡಿಸೆಂಬರ್ ನೋಡಿ. ಮುಂದೆ ವಾರ್ದಾ ಎಂದು ಹೆಸರಾದ ವಾಯುಭಾರ ಕುಸಿತ ಮೊದಲು ಕಾಡಿದ್ದು ಅಂಡಮಾನನ್ನು. 7ನೇ ತಾರೀಖಿನ ಹೊತ್ತಿಗೆ ಹ್ಯಾವ್‌ಲಾಕ್, ನೀಲ್ ದ್ವೀಪಗಳಲ್ಲಿ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಫೆರ್ರಿ ಇಲ್ಲದೆ ಸಿಕ್ಕಿಬಿದ್ದಿದ್ದರು, ನೌಕಾಪಡೆಯ ಹಡಗು ಕಳಿಸಬೇಕಾಯಿತು. ಅದು ಚೆನ್ನೈ ಮುಟ್ಟಿದ್ದು 12ಕ್ಕೆ. ಬಾಲ್ಕನಿಯ ಲೆಕ್ಕದಲ್ಲಿ 7ರಂದು ಅಂಡಮಾನಿಗೆ ಯಾವ ತೊಂದರೆಯೂ ಇಲ್ಲ, ಬಟ್ಟೆ ಒಣಗುತ್ತಿದೆ; ತೊಂದರೆ ಶುರುವಾಗುವುದು 12ರಂದು, ಅಂದರೆ ಅಲ್ಲಿಂದ ಚಂಡಮಾರುತ ಟಾಟಾ ಮಾಡಿ ಹೊರಟುಹೋಗಿ ದಿನಗಳಾದ ಮೇಲೆ. ಅಲ್ಲಿ ಸಿಕ್ಕಿಬಿದ್ದವರನ್ನು ಕಾಡಿದ್ದು ಹಿಂದಿರುಗುವ ದಾರಿಯೇ ಮುಚ್ಚಿಹೋದದ್ದು. ಪ್ಯಾಕೇಜ್ ಟೂರಿನ ಕಾಗದದಲ್ಲಿ ಇದು ಬರೆದಿರುವುದಿಲ್ಲ, ಅಂಕಲ್ಲರ ಪ್ರಶ್ನೆಯಲ್ಲೂ ಇರುವುದಿಲ್ಲ.

ಇಷ್ಟೆಲ್ಲ ಹೇಳಿದರೂ ಅಂಕಲ್ ದಡ್ಡರಲ್ಲ. ತಮ್ಮ ಕಣ್ಣಿಗೆ ಕಂಡದ್ದನ್ನು ನಂಬುವವರು, ಫಾರ್ವರ್ಡ್ ಆದದ್ದನ್ನೆಲ್ಲ ನಂಬುವವರಿಗಿಂತ ಎಷ್ಟೋ ವಾಸಿ. ಹಾಗಾದರೆ ಕಣ್ಣೆದುರಿನ ಕಲ್ಯಾಣ ನಗರದ ವಿಷಯದಲ್ಲಾದರೂ ಅವರ ಮಾತು ನಡೆಯಬೇಕಿತ್ತು. “ನಾವಿರೋದು ಸಮುದ್ರಮಟ್ಟದಿಂದ ಒಂಬೈನೂರು ಮೀಟರ್ ಮೇಲೆ, ಇಲ್ಲಿಗೆ ಏನ್ ಬರುತ್ತೆ?” ಎನ್ನುತ್ತಾರೆ. ಸಮುದ್ರ ಬರುವುದಿಲ್ಲ, ಒಪ್ಪೋಣ. ಆದರೆ ಮಳೆನೀರು ಹರಿಯುವುದು ಪಕ್ಕದ ಬೀದಿ ಎಷ್ಟು ಎತ್ತರದಲ್ಲಿದೆ ಎಂಬುದರ ಮೇಲೆ. 2025ರ ಮೇನಲ್ಲಿ ಸಮುದ್ರದಲ್ಲಿ ಹೆಸರಿಟ್ಟ ಒಂದೇ ಒಂದು ಚಂಡಮಾರುತ ಇಲ್ಲದಿದ್ದಾಗ ಹೊರಮಾವಿನ ಸಾಯಿ ಲೇಔಟಿನಲ್ಲಿ ನೆಲಮಹಡಿಯ ಮನೆಗಳೊಳಗೆ ನೀರು ನಿಂತು, ಜನರನ್ನು ಟ್ರ್ಯಾಕ್ಟರಿನಲ್ಲಿ, ಬೋಟಿನಲ್ಲಿ ಹೊರತರಬೇಕಾಯಿತು. ಕಾರಣ ತಗ್ಗು ಜಾಗ, ರಾಜಕಾಲುವೆ, ರೈಲು ಹಳಿಯಡಿಯ ಇಕ್ಕಟ್ಟಾದ ಕಿಂಡಿ. ಅಂಕಲ್ಲರ ಮನೆಯಿಂದ ಆಟೊದಲ್ಲಿ ಹೋಗಿಬರುವಷ್ಟು ದೂರ. ಆದರೂ ಆ ವರ್ಷ ಅವರು ಮೇಲಿನ ಮನೆಯವರಿಗೆ ಎಚ್ಚರಿಕೆ ಕೊಟ್ಟಿದ್ದು ಬಾಲಿಯ ಬಗ್ಗೆ ಇರಬೇಕು.

ಬಾಡಿಗೆಯ ಹುಡುಗರಲ್ಲೂ ಈಚೆಗೆ ಬುದ್ಧಿವಂತರು ಬಂದಿದ್ದಾರೆ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಯಾವ ಕರಾವಳಿಯಲ್ಲಿ ಅಲೆ ಎಷ್ಟು ಎತ್ತರ ಏಳಲಿದೆ ಎಂದು ಮೊದಲೇ ಹೇಳುತ್ತದೆ. ಅದನ್ನು ಫೋನಿನಲ್ಲಿ ತೆರೆದು ಅಂಕಲ್ಲರ ಮುಂದೆ ಹಿಡಿಯುತ್ತಾರೆ. ಕಾರವಾರದ ಕಡೆ ಆಕಾಶ ಶುಭ್ರ, ಗಾಳಿಯಿಲ್ಲ, ಆದರೂ ಅಲೆ ಮೂರು ಮೀಟರ್. ಇಂಥದ್ದು ನಿಜವಾಗಿ ಆಗುತ್ತದೆ. ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಎದ್ದ ಬಿರುಗಾಳಿಯ ಅಲೆ ಸಾವಿರಾರು ಕಿ.ಮೀ. ಉರುಳಿಕೊಂಡು ದಿನಗಳ ನಂತರ ನಮ್ಮ ದಡಕ್ಕೆ ಬರುತ್ತದೆ. ಕೇರಳದವರು ಅದನ್ನು ಕಳ್ಳಕ್ಕಡಲ್ ಎನ್ನುತ್ತಾರೆ. ತಲೆಯ ಮೇಲೆ ಮೋಡದ ಒಂದು ತುಣುಕೂ ಇರುವುದಿಲ್ಲ. ಅಂಕಲ್ ಕನ್ನಡಕ ಹಣೆಗೇರಿಸಿ ಓದಿ, ಫೋನು ವಾಪಸ್ ಕೊಟ್ಟು ಹೇಳುತ್ತಾರೆ: “ಮೂರು ಮೀಟರ್ ತಾನೇ? ನಮ್ಮ ಕಾಂಪೌಂಡಿಗಿಂತ ಒಂಚೂರು ಜಾಸ್ತಿ.” ಅಳತೆ ಸರಿಯಾಗಿಯೇ ಇದೆ. ಅಂಕಲ್ಲರ ಕಾಂಪೌಂಡಿನ ಹಿಂದೆ ಇರುವುದು ಒಂದು ತುಳಸಿಕಟ್ಟೆ ಮತ್ತು ಒಂದು ಮಾರುತಿ ಕಾರು. ಆ ಅಲೆಯ ಹಿಂದೆ ಇರುವುದು ಅಂಟಾರ್ಕ್ಟಿಕಾದವರೆಗಿನ ನೀರು.